ಅಕ್ಷರ ಬಗ್ಗಿಸಿದ ಮೇಡಂ

ಜಂಬ ಒಳ್ಳೆಯದಲ್ಲವೆಂದು ಮಕ್ಕಳಿಗೆ ಪಾಠ ಹೇಳುತ್ತಲೇ ತಲೆ ನೆರೆಸಿಕೊಂಡವಳು ನಾನು. ಆದರೆ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬಗ್ಗಿಸಲು ಕಲಿತ ಮೇಲೆ, ಆ ಪಾಠ ಬಂದಾಗಲೆಲ್ಲ ನನ್ನ ದನಿ ತಾನಾಗಿ ಸಣ್ಣದಾಗುತ್ತದೆ. ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಮಂಡ್ಯದಲ್ಲಿ ನಡೆಯುವ ಶಿಕ್ಷಕರ ಸಭೆಯಲ್ಲಿ ಪ್ರತಿ ಶಾಲೆಯಿಂದ ಒಬ್ಬರು ಸ್ಲೈಡುಗಳನ್ನಿಟ್ಟು ಪಾಠ ಮಾಡಿ ತೋರಿಸಬೇಕಾಗಿತ್ತು. ನಮ್ಮ ಹೆಡ್‌ಮಾಸ್ಟರು, "ಈ ವಯಸ್ಸಲ್ಲಿ ನಿಮಗ್ಯಾಕೆ ಮೇಡಂ ಈ ತಾಪತ್ರಯ? ಗಣಿತದ ಮೇಡಂ ಹೋಗ್ಲಿ ಬಿಡಿ" ಎಂದರು. ಕನಿಕರದಿಂದ ಆಡಿದ ಮಾತೇ. ಆದರೆ 'ಈ ವಯಸ್ಸಲ್ಲಿ' ಎಂಬುದು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. "ನಾನೇ ಹೋಗ್ತೀನಿ ಸಾರ್" ಎಂದುಬಿಟ್ಟೆ.

ನಾನು ಆರಿಸಿಕೊಂಡ ವಿಷಯ ಶಿವನಸಮುದ್ರ. ನನ್ನ ತವರು ಬೆಳಕವಾಡಿ. ಆ ಜಲಪಾತ ನೋಡುತ್ತಲೇ ಬೆಳೆದವಳು. ಮನೆಯಲ್ಲಿ ಅದರ ಫೋಟೊಗಳಿಗೂ ಕಡಿಮೆಯಿಲ್ಲ, ಆದರೆ ಎಲ್ಲದರಲ್ಲೂ ನಮ್ಮ ದೊಡ್ಡಪ್ಪ ನೀರಿಗೆ ಅಡ್ಡ ನಿಂತಿದ್ದಾರೆ. ಹಾಗಾಗಿ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಸಿಕ್ಕ ಚಿತ್ರಗಳನ್ನು ಒಂದೊಂದಾಗಿ ಸ್ಲೈಡಿಗೆ ಸೇರಿಸಿದೆ. ಆಮೇಲೆ 'ಶಿವನಸಮುದ್ರ' ಎಂದು ಟೈಪು ಮಾಡಿ ಅಲ್ಲಿ ಇಲ್ಲಿ ಒತ್ತುತ್ತಿದ್ದಾಗ, ಅಕ್ಷರಗಳು ಇದ್ದಕ್ಕಿದ್ದಂತೆ ಬಾಗಿ ಕಮಾನಿನ ಹಾಗೆ ನಿಂತವು. ನೀಲಿ ಮೈ, ಬಿಳಿ ಅಂಚು. ಹಿಗ್ಗಿ ಹೋಗಿ ಅತ್ತೆಯನ್ನು ಕರೆದೆ. ಅತ್ತೆ ಇಲ್ಲೇ ಮದ್ದೂರು ಪಕ್ಕದ ಕೊಪ್ಪದ ಕಡೆಯವರು, ದಾಕ್ಷಿಣ್ಯ ಕಲಿತವರಲ್ಲ.

"ಅದ್ಯಾಕಮ್ಮ ಅಕ್ಸರ ಅಂಗೆ ಬೆನ್ನು ಬಗ್ಸವೆ? ನೆಟ್ಟಗೆ ಬರ್ಯಾಕೆ ಬರಕಿಲ್ವಾ ನಿಂಗೆ?"

"ನೆಟ್ಟಗೆ ಎಲ್ರೂ ಬರೀತಾರೆ ಅತ್ತೆ. ಬಗ್ಸೋದೇ ಕಷ್ಟ."

"ಅಂಗಾದ್ರೆ ಚೆಂದಾಗೈತೆ ಬುಡು" ಎಂದರು. ಅವರ ಬಾಯಿಂದ ಅಷ್ಟು ಬಂದರೆ ಅದು ಪ್ರಶಸ್ತಿಗೆ ಸಮ.

ಮಂಡ್ಯದಲ್ಲಿ ನನ್ನ ಸರದಿ ಬಂತು. ಮೊದಲ ಸ್ಲೈಡಿನ ಕಮಾನು ಕಂಡು ಹಿಂದಿನ ಸಾಲಿನಲ್ಲಿ ಯಾರೋ "ಓಹೋ" ಎಂದರು. ಬೀಗುತ್ತಾ ಎರಡನೆಯದನ್ನು ಒತ್ತಿದೆ. ಜಲಪಾತವೇ ಇಲ್ಲ! ಖಾಲಿ ಚೌಕ, ಅದರೊಳಗೊಂದು ಕೆಂಪು ಇಂಟು ಮಾರ್ಕು. ಇಷ್ಟು ವರ್ಷ ಮಕ್ಕಳ ಉತ್ತರಗಳಿಗೆ ನಾನು ಹಾಕಿದ್ದು ಈಗ ಗೋಡೆಯಷ್ಟು ದೊಡ್ಡದಾಗಿ ನನಗೇ ಬಿದ್ದಿತ್ತು. ಮೂರನೆಯದೂ ಹಾಗೆಯೇ. ನಾನು ಸೇರಿಸಿದ್ದು ಚಿತ್ರಗಳನ್ನಲ್ಲ, ಅವುಗಳ ವಿಳಾಸಗಳನ್ನು ಮಾತ್ರ. ನೆಟ್ ಇದ್ದರಷ್ಟೇ ಚಿತ್ರ ಮೂಡುತ್ತದೆ, ಆ ಸಭಾಂಗಣದಲ್ಲಿ ನೆಟ್ ಇರಲಿಲ್ಲ. ಇದೆಲ್ಲ ಆಮೇಲೆ ಗಣಿತದ ಮೇಡಂ ಬಿಡಿಸಿ ಹೇಳಿದ್ದು. ಆ ಹೊತ್ತಿಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಹೆಡ್‌ಮಾಸ್ಟರು ಮೊದಲ ಸಾಲಿನಲ್ಲೇ ಕೂತಿದ್ದಾರೆ.

"ಎಲ್ರೂ ಈ ಚೌಕವನ್ನೇ ನೋಡಿ" ಎಂದೆ. ಬೇರೆ ದಾರಿ ಇರಲಿಲ್ಲ. "ಮೇಲಿನ ಅಂಚಿಂದ ಕಾವೇರಿ ಧುಮುಕ್ತಾಳೆ. ಇಷ್ಟು ದೂರ ನಿಂತ್ರೂ ತುಂತುರಿಗೆ ಮುಖ ನೆನೆಯುತ್ತೆ. ಆ ಸದ್ದಲ್ಲಿ ಪಕ್ಕದಲ್ಲೇ ನಿಂತ ನಮ್ಮಪ್ಪ ಕೂಗಿದ್ರೂ ನಂಗೆ ಕೇಳ್ತಿರ್ಲಿಲ್ಲ..." ಹೇಳುತ್ತಾ ಹೋದಂತೆ ನಾನು ಮಂಡ್ಯ ಬಿಟ್ಟು ತವರು ಸೇರಿದ್ದೆ. ಆ ನೀರಿನಿಂದ ಕರೆಂಟು ತೆಗೆದ ಕಥೆ ಮುಗಿಸಿ ತಲೆ ಎತ್ತಿದರೆ, ಸಭೆಯಲ್ಲಿ ಚಪ್ಪಾಳೆ!

ಸಭೆಗೆ ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಎದ್ದು ನಿಂತರು. "ಚಿತ್ರ ತೋರ್ಸಿಬಿಟ್ರೆ ಮಕ್ಕಳು ಯೋಚ್ನೆ ಮಾಡೋದನ್ನೇ ಬಿಡ್ತಾರೆ. ಖಾಲಿ ಚೌಕ ಇಟ್ಟು ಕಲ್ಪನೆಗೆ ಬಿಟ್ರಲ್ಲ, ಎಂಥ ವಿಧಾನ ಮೇಡಂ! ಎಲ್ಲಿ ಕಲಿತ್ರಿ ಇದನ್ನ?"

"ಸ್ವಂತದ್ದು ಸಾರ್" ಎಂದೆ. ಹೆಡ್‌ಮಾಸ್ಟರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಈಗ ಮಳವಳ್ಳಿಯ ಶಿಕ್ಷಕರಿಗೂ ಈ ವಿಧಾನ ಕಲಿಸಲು ನನ್ನನ್ನು ಕರೆದಿದ್ದಾರೆ. ಹೆಮ್ಮೆಯಿಂದಲೇ ಒಪ್ಪಿಕೊಂಡಿದ್ದೇನೆ. ಸ್ಲೈಡುಗಳೂ ಅವೇ. ಒಂದೇ ಒಂದು ಅಳುಕು: ಅಲ್ಲಿ ನೆಟ್ ತುಂಬಾ ಚೆನ್ನಾಗಿ ಸಿಗುತ್ತದಂತೆ.