ಗೀಟಿಲ್ಲದ ಸ್ಪ್ರಿಂಗು

ಆ ಸ್ಪ್ರಿಂಗು ಕಿರುಬೆರಳಿನ ತುದಿಗಿಂತ ದೊಡ್ಡದೇನಿರಲಿಲ್ಲ. ಪೊರಕೆಯ ಕಡ್ಡಿಗೆ ಸಿಕ್ಕಿ, ಟಣ್ಣೆಂದು ಒಮ್ಮೆ ನೆಗೆದು, ಗುಡಿಸುತ್ತಿದ್ದ ಗುಮಾಸ್ತನ ಕಾಲಿನ ಹೆಬ್ಬೆರಳಿನ ಪಕ್ಕ ಬಂದು ಕೂತಿತು. ಗುಮಾಸ್ತ ಸ್ಪ್ರಿಂಗನ್ನು ನೋಡಿದ. ಆಮೇಲೆ ಮೋಟಾರ್ ಸೈಕಲ್ಲನ್ನು ನೋಡಿದ. ಮತ್ತೆ ಸ್ಪ್ರಿಂಗನ್ನು ನೋಡಿದ. ಮದುವೆ ಊಟವೆಲ್ಲ ಮುಗಿದು, ಪಾತ್ರೆ ತೊಳೆದು ಕವುಚಿಟ್ಟ ಮೇಲೆ ಬೀಗರ ಕಡೆಯವರೊಬ್ಬರು ಹಸಿದುಕೊಂಡು ಬಂದು ನಿಂತ ಹಾಗಾಯಿತು.

ಅಲ್ಲಿಯವರೆಗೆ ಆ ಭಾನುವಾರ ಅವನ ಬಾಳಿನಲ್ಲೇ ಶ್ರೇಷ್ಠವಾದ ಭಾನುವಾರವಾಗಿತ್ತು. ಮಾವನವರ ಹಿತ್ತಿಲಿನ ತಗಡಿನ ಕೆಳಗೆ, ಸೀಟಿನಲ್ಲಿ ಕೋಳಿ ಕಾವಿಗೆ ಕೂರುತ್ತಿದ್ದ ಗಾಡಿ ಅದು. ವಯಸ್ಸಿನಲ್ಲಿ ಅವನಿಗೆ ಅಣ್ಣನಾಗಬೇಕು. ಕಳೆದೊಂದು ವರ್ಷದಿಂದ ಅದು ಅವನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆ ಕೊಡದ ಬಾಡಿಗೆದಾರನಂತೆ ಬಿದ್ದುಕೊಂಡಿತ್ತು. ಗುಮಾಸ್ತ ಅದರ ಒಂದೊಂದು ಅಂಗವನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಮತ್ತೆ ಜೋಡಿಸಿದ್ದ. ಆ ಬೆಳಿಗ್ಗೆ ಮೂರನೆಯ ಒದೆತಕ್ಕೇ ಅದು ಕೆಮ್ಮಿ, ಸೀನಿ, ಗಂಟಲು ಸರಿಮಾಡಿಕೊಂಡು ಧಡ್ ಧಡ್ ಧಡ್ ಎಂದು ಮಾತಾಡಿಬಿಟ್ಟಿತು! ಗುಮಾಸ್ತನ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಹೊಗೆಗೆ.

ಇದು ಬರಿಯ ಹುಚ್ಚಿನ ಮಾತಾಗಿರಲಿಲ್ಲ. ಮಾವನವರು ಷರತ್ತು ಹಾಕಿದ್ದರು.

"ನೋಡಿ ಅಳಿಯಂದಿರೇ, ಭಾನುವಾರ ಐದು ಗಂಟೆ ರೈಲಿಗೆ ಬರ್ತೀನಿ. ನನ್ನ ಗಾಡೀಲೇ ನನ್ನನ್ನ ಕರ್ಕೊಂಡು ಹೋಗೋಕೆ ಸ್ಟೇಷನ್ನಿಗೆ ಬಂದ್ರೋ, ಗಾಡಿ ನಿಮ್ದು. ಬರ್ಲಿಲ್ವೋ, ದೊಡ್ಡ ಅಳಿಯಂದ್ರು ಕೇಳ್ತಾ ಇದಾರೆ. ಅವರಿಗೆ ಕೊಟ್ಬಿಡ್ತೀನಿ. ಮಾತು ಅಂದ್ರೆ ಮಾತು."

ದೊಡ್ಡ ಅಳಿಯ ಎಂದರೆ ಗುಮಾಸ್ತನ ಷಡ್ಡಕ. ಅವನದು ದೊಡ್ಡ ಪೀಠೋಪಕರಣದ ಅಂಗಡಿ. ಗಾಡಿಯ ಎಂಜಿನ್ ಕಿತ್ತು, ಆ ಜಾಗದಲ್ಲಿ ಹೂಕುಂಡ ಇಟ್ಟು, ಅಂಗಡಿಯ ಗಾಜಿನ ಕಿಟಕಿಯಲ್ಲಿ ನಿಲ್ಲಿಸುವುದು ಅವನ ಯೋಜನೆ. ಆ ಹೂಕುಂಡ ನೆನಪಾದಾಗಲೆಲ್ಲ ಗುಮಾಸ್ತನಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಗುಮಾಸ್ತ ಇದ್ದದ್ದು ವಿಮಾ ಕಚೇರಿಯ ಅಪಘಾತ ವಿಭಾಗದಲ್ಲಿ. ರಸ್ತೆಯಲ್ಲಿ ಬಿದ್ದ ಗಾಡಿಯ ಸುತ್ತ, ಬಿದ್ದ ಮನುಷ್ಯನ ಸುತ್ತ ಸೀಮೆಸುಣ್ಣದಲ್ಲಿ ಗೀಟೆಳೆದ ಫೋಟೋಗಳನ್ನು ದಿನವೂ ನೋಡುವುದೇ ಅವನ ಕೆಲಸ. ಅದೇ ವಿದ್ಯೆಯನ್ನು ಅವನು ಮನೆಗೂ ತಂದಿದ್ದ. ಗಾಡಿಯಿಂದ ಬಿಚ್ಚಿದ ಪ್ರತಿಯೊಂದನ್ನೂ ನೆಲದ ಮೇಲಿಟ್ಟು, ಸುತ್ತ ಗೀಟೆಳೆದು, ಅದು ಎಲ್ಲಿಂದ ಬಂತೆಂದು ಪಕ್ಕದಲ್ಲಿ ಗುರುತು ಹಾಕುತ್ತಿದ್ದ. "ಮನೇಲಿ ಸಾಮೂಹಿಕ ಕೊಲೆ ಆದ ಹಾಗಿದೆ ಕಣ್ರೀ" ಎಂದು ಹೆಂಡತಿ ಗೀಟು ದಾಟಿಕೊಂಡೇ ವರ್ಷ ಕಳೆದಿದ್ದಳು. ಈಗ ಗೀಟುಗಳೆಲ್ಲ ಖಾಲಿ. ಎಲ್ಲ ಹೆಣಗಳೂ ಎದ್ದು ಹೋಗಿ ಗಾಡಿಯಾಗಿದ್ದವು.

ಈ ಸ್ಪ್ರಿಂಗಿಗೆ ಮಾತ್ರ ಗೀಟಿರಲಿಲ್ಲ.

"ಏನ್ ವಿಮೆಯವ್ರೇ, ಹೊಡೆದುಬಿಟ್ರಲ್ಲ ಸ್ಟಾರ್ಟು!"

ಎದುರು ಮನೆಯ ನಿವೃತ್ತ ಬಸ್ ಚಾಲಕರು ಕೋಣೆಯ ನಡುವೆ ನಿಂತಿದ್ದರು. ಬೀದಿಯವರಿಗೆಲ್ಲ ಅವರು ಡ್ರೈವರಣ್ಣ.

"ನೀವು ಯಾವಾಗ ಒಳಗೆ ಬಂದ್ರಿ?"

"ಬಾಗಿಲು ತೆಗೆದಿತ್ತು, ಬಂದೆ."

ಅದು ನಿಜವೇ. ಹೊರಕ್ಕೆ ತೆರೆದುಕೊಳ್ಳುವ ಆ ಬಾಗಿಲು ಬೆಳಗಿನಿಂದ ನಿಲ್ಲುತ್ತಲೇ ಇರಲಿಲ್ಲ. ಗಾಳಿ ಕರೆದಾಗಲೆಲ್ಲ ಹೊರಗೆ ಹೊರಟುಬಿಡುತ್ತಿತ್ತು. ಮೇಲಿನ ಚಿಲಕವೋ, ಹೋದ ವರ್ಷ ಬಣ್ಣ ಬಳಿದವನ ಕೃಪೆಯಿಂದ ಕಲ್ಲಾಗಿತ್ತು. ಗುಮಾಸ್ತ ಹಳೆಯ ಕ್ಲಚ್ ತಂತಿಯಿಂದ ಹಿಡಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದ. ಆ ತಂತಿ ಈಗ ಡ್ರೈವರಣ್ಣನ ಕೈಯಲ್ಲಿತ್ತು.

ಗುಮಾಸ್ತ ಸ್ಪ್ರಿಂಗನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳಬಹುದಿತ್ತು. ಸ್ನಾನಕ್ಕೆ ಹೋಗಬಹುದಿತ್ತು. ಆದರೆ ಹಣೆಬರಹ, ಅಂಗೈ ಬಿಚ್ಚಿ ತೋರಿಸಿಬಿಟ್ಟ. "ಇದೊಂದು ಉಳಿದುಬಿಟ್ಟಿದೆ ಅಣ್ಣಾ."

ಡ್ರೈವರಣ್ಣನ ಮುಖ ಕಪ್ಪಿಟ್ಟಿತು. "ಉಳೀತಾ? ನಮ್ಮ ಡಿಪೋದಲ್ಲಿ ಒಂದ್ಸಲ ಹೀಗೇ ಒಂದು ನಟ್ಟು ಉಳೀತು. ಏನಾಗಲ್ಲ ಬಿಡು ಅಂದ್ರು. ಆವತ್ತು ಬಸ್ಸಿಗಿಂತ ಮುಂಚೆ ಮುಂದಿನ ಚಕ್ರ ಸ್ಟ್ಯಾಂಡು ಮುಟ್ತು."

"ಆದ್ರೆ ಇದಕ್ಕೆ ಗೀಟಿಲ್ಲ ಅಣ್ಣಾ. ನಾನು ಬಿಚ್ಚಿದ ಪ್ರತಿಯೊಂದಕ್ಕೂ ಗೀಟಿದೆ."

"ಎಳೆಯೋದು ಮರೆತಿರ್ತೀರಿ. ಮನುಷ್ಯ ತಾನೆ?"

ಗುಮಾಸ್ತನ ಎದೆಯಲ್ಲಿ ಕಚೇರಿಯ ಕಡತಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಆ ಫೋಟೋಗಳ ಗೀಟಿನೊಳಗೆ ಮಾವನವರೂ ತಾನೂ ಅಕ್ಕಪಕ್ಕ ಮಲಗಿರುವುದು ಕಂಡಿತು. ಸ್ಟೇಷನ್ನಿನಿಂದ ಮನೆಗೆ ಇಳಿಜಾರು ಬೇರೆ.

"ಇದೇನ್ ಮಹಾ," ಡ್ರೈವರಣ್ಣ ತೋಳೇರಿಸಿದರು. "ಬಿಚ್ಚಿದ್ರಾಯ್ತು! ಐದು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ."

ಕಾರ್ಬೊರೇಟರ್ ಬಿಚ್ಚುವಷ್ಟರಲ್ಲಿ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬಂದರು. ಭಾನುವಾರ ಅವರಿಗೆ ಬಾಯಿ ತೆರೆಯುವವರು ಯಾರೂ ಸಿಗುವುದಿಲ್ಲ. "ಬಾಗಿಲು ತೆಗೆದಿತ್ತು, ಬಂದೆ" ಎನ್ನುತ್ತಲೇ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿದರು. ಮನೆಗೆ ಓಡಿ, ಉದ್ದ ಹಿಡಿಯ ಪುಟ್ಟ ಕನ್ನಡಿ ತಂದು, ಎಂಜಿನ್ನಿನ ಬಾಯೊಳಗೆ ತೂರಿಸಿದರು.

"ಹೊರಗಿಂದ ಎಲ್ಲ ಚೆನ್ನಾಗೇ ಕಾಣತ್ತೆ. ಹುಳುಕು ಯಾವಾಗ್ಲೂ ಒಳಗೇ ಇರೋದು. ಇಲ್ಲಿ ನೋಡಿ, ಸ್ವಲ್ಪ ಸಂದು."

"ಅದು ಇರಬೇಕಾದ ಸಂದು ಡಾಕ್ಟ್ರೇ."

"ಎಲ್ಲ ಪೇಷೆಂಟುಗಳೂ ಹಾಗೇ ಹೇಳ್ತಾರೆ."

ಗೇರಿನ ಮುಚ್ಚಳವೂ ಬಂತು. ಅದರ ಹಿಂದೆಯೇ ಮೇಲಿನ ಮನೆಯ ಅಜ್ಜಿಯೂ ಬಂದರು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಜಗಳಕ್ಕೆ.

"ಏನಪ್ಪಾ, ಬೆಳಗ್ಗೆ ಅದೇನು ಸಿಡಿಲು ಹೊಡೆಸ್ದೆ? ನನ್ನ ಅಡುಗೆಮನೆ ಲೋಟ ಎಲ್ಲ ಕುಣಿದು ಕೆಳಗೆ ಬಿದ್ವು. ಬಾಗಿಲು ಬಡಿಯೋಣ ಅಂದ್ರೆ ತೆಗೆದೇ ಇದೆ."

ಗುಮಾಸ್ತ ಕ್ಷಮೆ ಕೇಳಿದ. ಅಜ್ಜಿ ಕ್ಷಮಿಸಲಿಲ್ಲ, ಆದರೆ ಹೋಗಲೂ ಇಲ್ಲ. ಸ್ಪ್ರಿಂಗನ್ನು ಕಂಡದ್ದೇ ಅವರ ಕಣ್ಣು ಅರಳಿತು.

"ಅಯ್ಯೋ, ನನ್ನ ಹೊಲಿಗೆ ಮಿಷನ್ನಲ್ಲೂ ಹೀಗೇ ಒಂದಿದೆ. ದಾರ ಬಿಗಿ ಮಾಡೋದು."

"ಇದಕ್ಕೆ ದಾರ ಇಲ್ಲ ಅಜ್ಜಿ."

"ಅದಕ್ಕೇ ಅಷ್ಟು ಸದ್ದು!"

ಹೀಗೆ, ಮೂವರು ಮೂರು ಕಡೆ ನಿಂತು ಮೋಟಾರ್ ಸೈಕಲ್ಲನ್ನು ಕಡಲೆಕಾಯಿಯಂತೆ ಸುಲಿದರು. ಡ್ರೈವರಣ್ಣ ಚಕ್ರ ಎಂದರು, ಚಕ್ರ ಹೊರಬಂತು. ಡಾಕ್ಟರು ಬ್ರೇಕ್ ಎಂದರು, ಬ್ರೇಕ್ ಹೊರಬಂತು. ಅಜ್ಜಿ ತಮ್ಮ ತರಕಾರಿ ತೊಳೆಯುವ ತೂತಿನ ಬುಟ್ಟಿ ತಂದು ನಟ್ಟು ಬೋಲ್ಟುಗಳನ್ನು ಅದಕ್ಕೆ ತುಂಬಿ, ನಡುನಡುವೆ ಬೀನ್ಸ್ ಕುಲುಕಿದ ಹಾಗೆ ಕುಲುಕಿದರು. ಗುಮಾಸ್ತನಿಗೆ ಇನ್ನೂ ಧೈರ್ಯವಿತ್ತು. ಎಷ್ಟೇ ಬಿಚ್ಚಲಿ, ನೆಲದ ಮೇಲೆ ಗೀಟುಗಳಿವೆಯಲ್ಲ! ವರ್ಷದ ದುಡಿಮೆ ಅದು. ಆ ಗೀಟು ನೋಡಿಕೊಂಡರೆ ನಿದ್ದೆಗಣ್ಣಿನಲ್ಲೂ ಜೋಡಿಸಿಯಾನು. ಸ್ಪ್ರಿಂಗಿನ ಜಾಗ ಸಿಕ್ಕುವುದೊಂದೇ ತಡ.

ಸ್ಪ್ರಿಂಗಿನ ಜಾಗ ಸಿಗಲಿಲ್ಲ. ಯಾವ ತೂತಿಗೆ ಹಾಕಿದರೂ ಒಂದೋ ಸಡಿಲ, ಇಲ್ಲವೇ ಬಿಗಿ.

ಫೋನು ರಿಂಗಾಯಿತು. ಅಪ್ಪನನ್ನು ಕರೆತರಲು ಹೋಗಿದ್ದ ಹೆಂಡತಿ ರೈಲಿನಿಂದಲೇ ಮಾತಾಡುತ್ತಿದ್ದಳು.

"ರೀ, ಹೊರಟ್ರಾ? ಅಪ್ಪನ ನೋಡ್ಬೇಕು ನೀವು. ಗಾಡಿ ಓಡಿಸೋವಾಗ ಹಾಕ್ಕೋತಿದ್ದ ಹಳೇ ಕಪ್ಪು ಕನ್ನಡಕ ಹುಡುಕಿ, ಒರೆಸಿ, ರೈಲಲ್ಲೇ ಹಾಕ್ಕೊಂಡು ಕೂತಿದಾರೆ. ಎದುರಿನವರು ಕುರುಡರು ಅಂದ್ಕೊಂಡು ಕಿಟಕಿ ಪಕ್ಕ ಸೀಟು ಬಿಟ್ಟುಕೊಟ್ರು. ಬಾಯಲ್ಲಿ ಹೇಳಲ್ಲ, ಆಸೆ ಇದೆ ಅವರಿಗೆ."

"ಬರ್ತೀನಿ ಕಣೇ. ಬಂದೇ ಬರ್ತೀನಿ."

ಫೋನಿಟ್ಟು ತಿರುಗಿದ. "ಸಾಕು! ಸ್ಪ್ರಿಂಗು ಹಾಳಾಗಿ ಹೋಗ್ಲಿ. ಮೆಲ್ಲಗೆ ಓಡಿಸ್ತೀನಿ, ಬಿದ್ರೂ ಮೆಲ್ಲಗೆ ಬೀಳ್ತೀನಿ. ಜೋಡಿಸೋಣ."

ನೆಲದತ್ತ ಬಗ್ಗಿದ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

"ಎಣ್ಣೆ ಚೆಲ್ಲಿತ್ತು ಕಣಪ್ಪಾ, ಯಾರಾದ್ರೂ ಜಾರಿಬಿದ್ರೆ ಅಂತ ಚೆನ್ನಾಗಿ ಒರೆಸ್ಬಿಟ್ಟೆ," ಎಂದರು ಅಜ್ಜಿ, ಒದ್ದೆ ಬಟ್ಟೆ ಹಿಂಡುತ್ತಾ. "ಅದೇನೇನೋ ಸುಣ್ಣದ ಕಲೆನೂ ಇತ್ತು. ಎಲ್ಲ ಹೋಯ್ತು ನೋಡು!"



ಗುಮಾಸ್ತ ಒಂದು ಬೋಲ್ಟನ್ನು ಕೈಗೆತ್ತಿಕೊಂಡ. ಅದು ಅವನನ್ನು ಯಾರೋ ದಾರಿಹೋಕನನ್ನು ನೋಡುವಂತೆ ನೋಡಿತು. ಆದರೂ ಅವನು ಬಿಡಲಿಲ್ಲ. ಹಲ್ಲು ಕಚ್ಚಿ ಕೂತ. ಮುಂದಿನ ಚಕ್ರ ಹಾಕಿದ, ಅದು ಹಿಂದಿನದಾಗಿತ್ತು. ಮುಚ್ಚಳ ಹಾಕಿದ, ಒಳಗೆ ಡಾಕ್ಟರ ಕನ್ನಡಿ ಉಳಿದಿತ್ತು. ಗಡಿಯಾರ ಐದು ಹೊಡೆದಾಗ ಗಾಡಿಗೆ ಹ್ಯಾಂಡಲ್ ಇತ್ತು, ಸೀಟಿತ್ತು. ನಡುವೆ ಇರಬೇಕಾದದ್ದೆಲ್ಲ ತರಕಾರಿ ಬುಟ್ಟಿಯಲ್ಲಿತ್ತು.

ಆರು ಹೊಡೆಯುವ ಹೊತ್ತಿಗೆ ಗಾಳಿ ಬೀಸಿ ಬಾಗಿಲು ತೆರೆದುಕೊಂಡಿತು. ಹೊಸ್ತಿಲಾಚೆ ಮಾವನವರು ನಿಂತಿದ್ದರು, ಹಣೆಯ ಮೇಲೆ ಕಪ್ಪು ಕನ್ನಡಕ. ಹಿಂದೆ ಹೆಂಡತಿ. ಅವಳ ಹಿಂದೆ ನಗುತ್ತಾ ಷಡ್ಡಕ.

"ಸ್ಟೇಷನ್ನಲ್ಲಿ ಕಾದು ಕಾದು ಸಾಕಾಯ್ತು," ಎಂದಳು ಹೆಂಡತಿ, ಸಣ್ಣ ದನಿಯಲ್ಲಿ.

"ಯಾವುದಕ್ಕೂ ಇರ್ಲಿ ಅಂತ ನಾನು ವ್ಯಾನು ತಂದಿದ್ದೆ ಬ್ರದರ್," ಎಂದ ಷಡ್ಡಕ.

"ಮಾವ, ಬೆಳಗ್ಗೆ ಓಡ್ತಾ ಇತ್ತು!"

"ಓಡ್ತಿತ್ತಪ್ಪಾ," ಅಜ್ಜಿ ಸಾಕ್ಷಿ ನುಡಿದರು. "ನನ್ನ ಲೋಟಗಳನ್ನ ಕೇಳಿ ಬೇಕಾದ್ರೆ."

"ಓಡ್ತಿದ್ದ ಗಾಡೀನ ಯಾಕೆ ಬಿಚ್ಚಿದ್ರಿ?"

"ಇದು ಉಳಿದುಬಿಟ್ಟಿತ್ತು ಮಾವ, ಇದಕ್ಕೆ ಗೀಟೂ ಇರ್ಲಿಲ್ಲ," ಎಂದು ಗುಮಾಸ್ತ ಅಂಗೈ ಚಾಚಿದ. ಮಾವನವರು ಸ್ಪ್ರಿಂಗನ್ನು ಎತ್ತಿಕೊಂಡರು. ಗಾಡಿಯ ಕಡೆ ತಿರುಗಲೇ ಇಲ್ಲ. ಹಾರುಹೊಡೆದಿದ್ದ ಬಾಗಿಲ ಬಳಿ ಹೋಗಿ, ಅದರ ಬೀಗದ ಮೇಲಿನ ನೆಗ್ಗಿದ ತಗಡನ್ನು ಬೆರಳಿನಿಂದ ಸವರಿದರು.

"ಇದಕ್ಕೆ ಏನು ತಾಗಿಸಿದ್ರಿ?"

ಅಂದು ನಸುಕಿನಲ್ಲಿ, ಹೊರಗೆ ಬಣ್ಣ ಒಣಗಿಸಿದ್ದ ಪೆಟ್ರೋಲ್ ಟ್ಯಾಂಕನ್ನು ಮಗುವಿನಂತೆ ಅಪ್ಪಿಕೊಂಡು ತರುವಾಗ ಢಬ್ಬೆಂದು ಬಾಗಿಲಿಗೆ ಬಡಿದದ್ದು ಗುಮಾಸ್ತನಿಗೆ ಈಗ ನೆನಪಾಯಿತು. ಟ್ಯಾಂಕಿಗೆ ಗೀರೂ ಬೀಳಲಿಲ್ಲವೆಂದು ಅದಕ್ಕೊಂದು ಮುತ್ತು ಕೊಟ್ಟಿದ್ದ. ಬಾಗಿಲಿಗೆ ಏನಾಯಿತೆಂದು ನೋಡಿರಲಿಲ್ಲ.

ಮಾವನವರು ತಗಡನ್ನು ಎತ್ತಿ, ಸ್ಪ್ರಿಂಗನ್ನು ಒಳಗಿಟ್ಟು, ಒತ್ತಿದರು. ಬಾಗಿಲನ್ನು ಎಳೆದರು. ಟಕ್! ಬೆಳಗಿನಿಂದ ಊರಿಗೆಲ್ಲ ತೆರೆದಿದ್ದ ಬಾಗಿಲು ತಾನಾಗಿಯೇ ಬೀಗ ಹಾಕಿಕೊಂಡಿತು.

ಡ್ರೈವರಣ್ಣ ಚಾವಣಿ ನೋಡಿದರು. ಡಾಕ್ಟರು ತಮ್ಮ ಕನ್ನಡಿಯನ್ನು ಉಸಿರೂದಿ ಒರೆಸಿಕೊಂಡರು.

"ಗೀಟಿಲ್ಲದ್ದು ಗಾಡೀದಲ್ಲ," ಎಂದರು ಮಾವನವರು ಮೆಲ್ಲಗೆ. "ನೀವೇ ಹಾಕಿದ ಲೆಕ್ಕ. ನಿಮ್ಮ ಗೀಟನ್ನ ನೀವೇ ನಂಬ್ಲಿಲ್ಲವಲ್ಲ ಅಳಿಯಂದಿರೇ."

ಅವರು ಹಣೆಯ ಮೇಲಿನ ಕನ್ನಡಕ ತೆಗೆದು, ಮಡಿಸಿ, ಜೇಬಿಗಿಟ್ಟುಕೊಂಡರು. ಗುಮಾಸ್ತನಿಗೆ ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

"ಮಾತು ಅಂದ್ರೆ ಮಾತು. ತುಂಬಿಸಿ ವ್ಯಾನಿಗೆ."

ಎಲ್ಲರೂ ಕೈಹಚ್ಚಿದರು. ಬಿಚ್ಚುವುದಕ್ಕಿದ್ದ ಹುರುಪೇ ಹೊರುವುದಕ್ಕೂ ಇತ್ತು. ಡ್ರೈವರಣ್ಣನ ಹೆಗಲಿಗೆ ಚಕ್ರ, ಡಾಕ್ಟರ ಕಂಕುಳಿಗೆ ಮಡ್‌ಗಾರ್ಡು, ಹೆಂಡತಿಯ ಕೈಗೆ ಹೆಡ್‌ಲೈಟು. ಟ್ಯಾಂಕನ್ನು ಮಾತ್ರ ಗುಮಾಸ್ತ ಯಾರಿಗೂ ಕೊಡಲಿಲ್ಲ. ಬಾಗಿಲಿಗೆ ತಾಗದಂತೆ, ಈ ಸಲ, ಮೈಯೆಲ್ಲ ಕಣ್ಣಾಗಿ ಹೊರಗೆ ತಂದ. ಕೊನೆಗೆ ಅಜ್ಜಿ ನಟ್ಟು ಬೋಲ್ಟುಗಳನ್ನು ಷಡ್ಡಕನ ಕರವಸ್ತ್ರಕ್ಕೆ ಸುರಿದು, ಬುಟ್ಟಿಯನ್ನು ತಾವು ಉಳಿಸಿಕೊಂಡರು.

"ಬೇಜಾರು ಮಾಡ್ಕೋಬೇಡಿ ಬ್ರದರ್," ಷಡ್ಡಕ ಬೆನ್ನು ತಟ್ಟಿದ. "ನೀವು ಬಿಚ್ಚಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ಹೂಕುಂಡಕ್ಕೆ ಜಾಗ ಮಾಡೋಕೆ ನಾನು ಕೂಲಿ ಕೊಟ್ಟು ಬಿಚ್ಚಿಸ್ಬೇಕಿತ್ತು."

ವ್ಯಾನು ಹೊರಟಿತು. ಬೀದಿಯ ತಿರುವಿನವರೆಗೂ ಅದರೊಳಗೆ ಸೈಲೆನ್ಸರ್ ಉರುಳಾಡುವ ಸದ್ದು ಕೇಳುತ್ತಿತ್ತು. ಐವರೂ ಕೈಬೀಸುತ್ತಾ ನಿಂತಿದ್ದರು, ಬೀಸದೆ ನಿಂತವನು ಗುಮಾಸ್ತನೊಬ್ಬನೇ. ಹೋಗಲಿ, ಬಾಗಿಲಾದರೂ ಸರಿಯಾಯಿತಲ್ಲ, ಇನ್ನು ಒಳಗೆ ಹೋಗಿ ಯಾರ ಕಾಟವೂ ಇಲ್ಲದೆ ಒಂದು ಗಂಟೆ ಮಲಗುತ್ತೇನೆ ಎಂದುಕೊಂಡು ಅವನು ತಿರುಗಿದ.

ಗಾಳಿ ಬೀಸಿತು.

ಟಕ್!

"ನೋಡಿದ್ರಾ!" ಮಾವನವರ ಮುಖ ಆ ದಿನ ಮೊದಲ ಬಾರಿಗೆ ಬೆಳಗಿತು. "ಕೆಲಸ ಅಂದ್ರೆ ಇದು. ಇನ್ನು ಆನೆ ಬಂದು ಎಳೆದ್ರೂ ಬಾಗಿಲು ಬರಲ್ಲ."

"ಕೀಲಿಕೈ?" ಎಂದ ಗುಮಾಸ್ತ.

"ನನ್ನ ಬ್ಯಾಗಲ್ಲಿದೆ," ಎಂದಳು ಹೆಂಡತಿ. "ಬ್ಯಾಗು ಒಳಗಿದೆ. ನಿಮ್ದು?"

ಗುಮಾಸ್ತನದು ಆಫೀಸಿನ ಪ್ಯಾಂಟಿನ ಜೇಬಿನಲ್ಲಿತ್ತು. ಆಫೀಸಿನ ಪ್ಯಾಂಟು ಗೂಟದ ಮೇಲಿತ್ತು. ಅವನ ಮೈಮೇಲೆ ಎಣ್ಣೆ ಮೆತ್ತಿದ ಬನಿಯನ್ನು, ಮಂಡಿ ಹರಿದ ಹಳೆಯ ಪೈಜಾಮ ಇದ್ದವು.

ಎಲ್ಲರೂ ಬಾಗಿಲನ್ನು ನೋಡಿದರು. ನೋಡುತ್ತಾ ನೋಡುತ್ತಾ ಡ್ರೈವರಣ್ಣನ ಕಣ್ಣಿನಲ್ಲಿ ಗುಮಾಸ್ತನಿಗೆ ಬೆಳಗಿನಿಂದ ಚೆನ್ನಾಗಿ ಪರಿಚಯವಾಗಿದ್ದ ಒಂದು ಹೊಳಪು ಮೂಡಿತು.

"ಇದೇನ್ ಮಹಾ," ಎಂದರು ಅವರು, ತೋಳೇರಿಸುತ್ತಾ. "ಕೀಲುಗಳು ಹೊರಗಡೆನೇ ಇವೆ. ಬಿಚ್ಚಿದ್ರಾಯ್ತು!"

ಡಾಕ್ಟರು ಆಗಲೇ ಬೀಗದ ತೂತಿಗೆ ಕನ್ನಡಿ ಹಿಡಿದು ತಲೆಯಾಡಿಸುತ್ತಿದ್ದರು. ಅಜ್ಜಿ ತೂತಿನ ಬುಟ್ಟಿಯನ್ನು ಮುಂದಕ್ಕೊಡ್ಡಿದರು. ಮಾವನವರು ಧೂಳು ಬಿದ್ದೀತೆಂದು ಜೇಬಿನಿಂದ ಕಪ್ಪು ಕನ್ನಡಕ ತೆಗೆದು ಏರಿಸಿಕೊಂಡು, "ಹೂಂ, ಶುರು ಮಾಡಿ" ಎಂದರು.

ಮೊದಲನೆಯ ತಿರುಪು ಮೆಟ್ಟಿಲ ಮೇಲೆ ಬಿತ್ತು. ಗುಮಾಸ್ತ ಪೈಜಾಮದ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು, ಮೊಣಕಾಲೂರಿ ಕೂತು, ಅಜ್ಜಿಯ ಕೈಯಲ್ಲಿ ಒರೆಸುವ ಬಟ್ಟೆ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು, ತಿರುಪಿನ ಸುತ್ತ ಗೀಟೆಳೆಯತೊಡಗಿದ.