ಶ್ಯಾನುಭೋಗರ ಏಡಿ

ಶಿಕಾರಿಪುರದ ಸಂತೆಯಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆದ ಏಕೈಕ ಶ್ಯಾನುಭೋಗರೆಂದರೆ ನಮ್ಮ ಭಾವ. ಈ ಕೀರ್ತಿಗೆ ಬೇರೆ ಹಕ್ಕುದಾರರು ಯಾರಾದರೂ ಇದ್ದರೆ ಪಹಣಿ ಸಮೇತ ಬರಲಿ, ಬಿಟ್ಟುಕೊಡುತ್ತೇನೆ!

ಭಾವ ಅಂದರೆ ನನ್ನ ಅಕ್ಕನ ಗಂಡ. ಹುಟ್ಟಿದ್ದು ಸೊರಬದಲ್ಲಿ, ಶ್ಯಾನುಭೋಗಿಕೆ ಮಾಡಿದ್ದು ಶಿಕಾರಿಪುರ ತಾಲ್ಲೂಕಿನ ನಾಲ್ಕಾರು ಹಳ್ಳಿಗಳಲ್ಲಿ. ಎತ್ತರದ ಆಳು, ಕರಿ ಕೋಟು, ಕಂಕುಳಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಂದಾಯದ ಲೆಕ್ಕದ ದಫ್ತರ. ಈ ಆಕೃತಿ ಊರ ಮುಂದೆ ಕಂಡರೆ ಸಾಕು, ತಾಯಂದಿರು ರಚ್ಚೆ ಹಿಡಿದ ಮಕ್ಕಳಿಗೆ "ಶ್ಯಾನುಭೋಗ್ರು ಬಂದ್ರು ನೋಡು, ಸುಮ್ಕಿರು!" ಅನ್ನುತ್ತಿದ್ದರು. ಮಕ್ಕಳೆಲ್ಲ ಕದದ ಹಿಂದೆ ಮಾಯ! ಗುಮ್ಮನ ಕೆಲಸವನ್ನು ಇಷ್ಟು ವರ್ಷ ಪುಕ್ಕಟೆಯಾಗಿ ಮಾಡಿದವರು ಇನ್ನೊಬ್ಬರಿರಲಾರರು.

ಇದು ಅವರ ಮನಸ್ಸಿಗೆ ಚುಚ್ಚುತ್ತಿತ್ತು. ಒಂದು ದಿನ ಊಟಕ್ಕೆ ಕೂತವರು ಅಕ್ಕನಿಗೆ ಹೇಳಿದರು: "ನಾನು ಹೋದ ಊರಲ್ಲಿ ಒಂದು ಮಗುವಾದ್ರೂ ಹೊರಗೆ ಓಡಿ ಬರ್ಬೇಕು ಕಣೇ. ಎಲ್ಲ ಒಳಗೇ ಓಡ್ತಾವೆ."

ಬೇರೆಯವರಾಗಿದ್ದರೆ ಜೇಬಲ್ಲಿ ಪೆಪ್ಪರಮೆಂಟು ಇಟ್ಟುಕೊಳ್ಳುತ್ತಿದ್ದರು. ನಮ್ಮ ಭಾವ ಪುಸ್ತಕ ಬರೆದರು! ತಾಳಗುಂದದ ಗದ್ದೆಯ ಏಡಿಯಮ್ಮ ಚಂದ್ರಗುತ್ತಿ ಗುಡ್ಡದ ಬುಡದ ಹಳ್ಳಕ್ಕೆ, ತನ್ನ ತವರಿಗೆ, ಅಡ್ಡಡ್ಡ ನಡೆದು ಹೋಗುವ ಕತೆ. ಶಿವಮೊಗ್ಗದಲ್ಲಿ ಅಚ್ಚಾಗಿ ಗಾಡಿಯಲ್ಲಿ ಬಂದಿಳಿಯಿತು. ಅಕ್ಕ ಕಟ್ಟುಗಳನ್ನು ನೋಡಿ, "ಅಕ್ಕಿ ಮೂಟೆ ಇಡೋಕೆ ಜಾಗ ಇಲ್ಲ. ಈರುಳ್ಳಿ ಕೂಡ ಹೊಸ್ತಿಲು ದಾಟದ ಮನೆಗೆ ಇಷ್ಟೊಂದು ಏಡಿ ತಂದು ತುಂಬಿದ್ರಲ್ಲ!" ಅಂದಳು.

ಪುಸ್ತಕ ಮಕ್ಕಳ ಕೈ ಸೇರುವುದು ಹೇಗೆ? ಭಾವ ಯೋಚಿಸಿದರು. ಅವರು ಯೋಚಿಸಿದಾಗಲೆಲ್ಲ ನಮಗೆ ಎದೆ ಡವಗುಟ್ಟುತ್ತಿತ್ತು.

ಮೊದಲ ಉಪಾಯವೇ ಸಂತೆಯ ನಡಿಗೆ. ಕೈಯಲ್ಲಿ ಪುಸ್ತಕ ಎತ್ತಿ ಹಿಡಿದು, ಮೊಣಕಾಲು ಬಗ್ಗಿಸಿ, ಈ ತುದಿಯಿಂದ ಆ ತುದಿಗೆ ಅಡ್ಡಡ್ಡ ಹೊರಟರು. ಮಕ್ಕಳು ಬೆನ್ನು ಹತ್ತುತ್ತಾರೆ ಎಂಬುದು ಲೆಕ್ಕಾಚಾರ. ಬೆನ್ನು ಹತ್ತಿದ್ದು ದೊಡ್ಡವರು. "ಏನ್ರೀ ಶ್ಯಾನುಭೋಗ್ರೇ, ಸೊಂಟ ಹಿಡ್ಕಂತೇನ್ರೀ?" ಎಂದು ಮೆಣಸಿನಕಾಯಿ ಮಾರುವವನೊಬ್ಬ ಅದೇ ಕೈಯಲ್ಲಿ ಬೆನ್ನು ನೀವಲು ಬಂದ. ಅಷ್ಟರಲ್ಲಿ ಮತ್ತೊಬ್ಬ ಕೂಗಿದ: "ಅಯ್ಯೋ, ಸೊಂಟ ಅಲ್ರೋ! ಹೆಜ್ಜೆ ಹಾಕಿ ಜಾಗ ಅಳೀತಾ ಅದಾರೆ!" ಮುಗಿಯಿತು. ಅಂಗಡಿಯವರೆಲ್ಲ ತಮ್ಮ ತಮ್ಮ ಗೋಣಿತಾಟು ಹಿಂದಕ್ಕೆ ಎಳೆದುಕೊಂಡರು. ಆ ದಿನ ಸಂತೆಯ ದಾರಿ ಎಂದೂ ಇಲ್ಲದಷ್ಟು ಅಗಲವಾಯಿತು, ಪುಸ್ತಕ ಮಾತ್ರ ಒಂದೂ ಹೋಗಲಿಲ್ಲ.

ಎರಡನೆಯ ಉಪಾಯ ಇನ್ನೂ ಘನವಾದದ್ದು. ತಲೆಗೊಂದು ಪುಸ್ತಕ ಪುಕ್ಕಟೆ ಕೊಡೋಣವೆಂದು ಒಂದು ಹಳ್ಳಿಯ ಮನೆಮನೆಗೆ ಹೋಗಿ, ದಫ್ತರ ಕಂಕುಳಲ್ಲೇ ಇಟ್ಟುಕೊಂಡು, ಗಂಭೀರವಾಗಿ ಕೇಳಿದರು: "ಮನೇಲಿ ಮಕ್ಕಳೆಷ್ಟು?"

ಶ್ಯಾನುಭೋಗರು ಕೇಳುವ ಪ್ರಶ್ನೆಯೇ ಇದು? ಆಣೆ ಹೋಗಿ ನಯಾಪೈಸೆ ಬಂದಿದ್ದ ಕಾಲ ಬೇರೆ. ಸರ್ಕಾರ ಏನನ್ನು ಬೇಕಾದರೂ ಮಾಡೀತು ಎಂದು ಜನ ನಂಬಿದ್ದರು.

"ಮಕ್ಳಾ? ಒಂದೇ ಐತ್ರಿ, ಅದೂ ಸಣ್ದು," ಎಂದಳು ಮನೆಯಾಕೆ. ಕಣಜದ ಹಿಂದಿನಿಂದ ಐದಾರು ತಲೆ ಇಣುಕಿದವು. ಯಜಮಾನ ಕೈ ಮುಗಿದ: "ಎಲ್ಲಾ ನಮ್ಮವಲ್ಲ ಸ್ವಾಮಿ, ಅರ್ಧ ನಮ್ಮ ಬೀಗರವು!" ಭಾವ ನಗುತ್ತ ಅವನ ಕೈಗೆ ಪುಸ್ತಕ ಇಟ್ಟರು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹೆಬ್ಬೆಟ್ಟು ಎಲ್ಲಿ ಒತ್ಬೇಕ್ರಿ?" ಅಂದ.

ಮಕ್ಕಳ ಮೇಲೂ ಕಂದಾಯ ಬರುತ್ತದೆ ಎಂಬ ಸುದ್ದಿ ಭಾವನಿಗಿಂತ ಮುಂಚೆಯೇ ಪಕ್ಕದ ಊರು ತಲುಪಿತ್ತು. ಅಲ್ಲಿ ಒಂದು ತೊಟ್ಟಿಲೂ ಕಣ್ಣಿಗೆ ಬೀಳಲಿಲ್ಲ. ಮನೆಗೆ ಬಂದ ಭಾವ, "ಮೊದ್ಲು ಒಳಗೆ ಓಡ್ತಿದ್ವು, ಈಗ ಊರನ್ನೇ ಬಿಟ್ಟು ಓಡ್ತಾವೆ," ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಮೂರನೆಯದಕ್ಕೆ ನಾನೇ ಸಾಕ್ಷಿ. ಸೊರಬದ ಬಸ್ಸಿನಲ್ಲಿ ಹೊರಟಿದ್ದೆವು. ಭಾವ ಇದ್ದಕ್ಕಿದ್ದಂತೆ ಎದ್ದು ನಿಂತು ಕತೆ ಶುರು ಮಾಡಿದರು. ಏಡಿಯಮ್ಮ ಗಾಡಿ ಜಾಡಿನೊಳಗೆ ಸಿಕ್ಕಿಬಿದ್ದು, ಎದುರಿಗೆ ಕಬ್ಬಿನ ಗಾಡಿಯ ಚಕ್ರ ಉರುಳಿ ಬರುವ ಹೊತ್ತಿಗೆ ಶಿರಾಳಕೊಪ್ಪ ಬಂತು. ಭಾವ ಕತೆ ನಿಲ್ಲಿಸಿ ಪುಸ್ತಕ ತೆಗೆದರು. "ಮುಂದಿನದು ಇದರಲ್ಲಿದೆ!"

ತಾಳಗುಂದದ ಕಡೆಯ ಅಜ್ಜಿಯೊಬ್ಬಳು ಅಲ್ಲಿ ಇಳಿಯಬೇಕಿತ್ತು. ಇಳಿಯದೆ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. "ನಂಗೆ ಓದಾಕ್ ಬರಲ್ಲಪ್ಪ. ಏಡಿ ಸತ್ತೋ, ಬದುಕ್ತೋ? ಹೇಳು, ಇಳೀತೀನಿ."

"ಪುಸ್ತಕದಲ್ಲಿ..."

"ಬಾಯಾಗೇ ಹೇಳು!"

ಡ್ರೈವರು ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿ ಕೂತ. "ಹೇಳ್ಬಿಡಿ ಸ್ವಾಮಿ, ನಂಗೂ ಬೇಕು." ಇನ್ನೇನು ಮಾಡುವುದು? ನೆಟ್ಟಗೆ ನಡೆದಿದ್ದರೆ ಚಕ್ರದಡಿ ಅಪ್ಪಚ್ಚಿಯಾಗುತ್ತಿದ್ದ ಏಡಿ, ಅಡ್ಡ ನಡೆದದ್ದರಿಂದಲೇ ಉಳಿದು ತವರು ಸೇರಿತು ಎಂದು ಕೊನೆವರೆಗೂ ಹೇಳಿದರು. ಅಜ್ಜಿ ನಿಟ್ಟುಸಿರು ಬಿಟ್ಟು ಇಳಿದಳು. ಕತೆ ಪೂರ್ತಿ ಕೇಳಿದ ಬಸ್ಸಿನಲ್ಲಿ ಪುಸ್ತಕ ಯಾರಿಗೆ ಬೇಕು? ಭಾವ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸೊರಬದ ತನಕ ಅದರ ದಾರದ ಗಂಟು ಬಿಗಿ ಮಾಡುತ್ತ ಕೂತರು.

ಅದಾದ ಮೇಲೆ ಉಪಾಯಗಳು ನಿಂತವು. ಸುಗ್ಗಿಯ ಹೊತ್ತಿಗೆ ಬೆಳೆ ನೋಡಲು ತಾಳಗುಂದದ ಕಡೆಯ ಒಂದು ಹಳ್ಳಿಗೆ ಹೊರಟವರ ಜೊತೆ ನಾನೂ ಹೋದೆ. ಊರು ಹೊಕ್ಕೆವು. ಬೀದಿ ಎಂದಿನ ಹಾಗೆ ಖಾಲಿ. ಭಾವ ತಲೆ ತಗ್ಗಿಸಿ ನಡೆಯುತ್ತಿದ್ದರು.

ಒಂದು ಕದ ಕಿರುಗುಟ್ಟಿತು. ಲಂಗ ಎತ್ತಿ ಕಟ್ಟಿದ ಪುಟ್ಟ ಹುಡುಗಿಯೊಬ್ಬಳು ಹೊರಬಂದಳು. ಅಡ್ಡಡ್ಡ! ಅವಳ ಹಿಂದೆ ಇನ್ನೊಂದು, ಪಕ್ಕದ ಮನೆಯಿಂದ ಮತ್ತೆರಡು. ನೋಡನೋಡುತ್ತ ಬೀದಿ ತುಂಬ ಏಡಿಗಳು. ಜಗಲಿಯ ಮೇಲೆ ಬಸ್ಸಿನ ಅಜ್ಜಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. "ನಾನೇ ಹೇಳಿದ್ದು. ದಿನಾ ಅದೇ ಕತಿ ಬೇಕು ಇವಕ್ಕೆ. ನಂಗೆ ಸಾಕಾಗೈತಿ, ಇನ್ನು ನೀನೇ ಸುಧಾರ್ಸು."

ಹುಡುಗಿ ಭಾವನ ಕೋಟಿನ ತುದಿ ಹಿಡಿದಳು. "ಅಜ್ಜಾ, ತವರಿಂದ ಏಡಿಯಮ್ಮ ವಾಪಸ್ ಹೆಂಗ್ ಬಂತು?"

ನನ್ನದು ವ್ಯಾಪಾರದ ಬುದ್ಧಿ. ಪುಸ್ತಕ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಭಾವ ನನ್ನ ಕೈ ಹಿಡಿದು ತಡೆದರು.

"ಅದು ಪುಸ್ತಕದಲ್ಲಿಲ್ಲ ಮಾರಾಯ," ಎಂದು ದಫ್ತರವನ್ನು ನೆಲಕ್ಕಿಟ್ಟು ಅದರ ಮೇಲೆ ಹುಡುಗಿಯನ್ನು ಕೂರಿಸಿದರು. "ನಂಗೂ ಗೊತ್ತಿಲ್ಲ ಕಣಮ್ಮ. ಎಲ್ಲರೂ ಕೂತ್ಕೊಳ್ಳಿ, ಹುಡುಕೋಣ."