ಬಿಸಿಲಿಗೆ ಮೂರು ಸೀನು

ನಮ್ಮ ಸೋಲಾಪುರದ ಮನ್ಯಾಗ ಯಾರರೆ ಹೊರಗ ಹೊಂಟ್ರ ಏನರೆ ಒಂದು ಆಗೇ ಆಗ್ತದ. ಕಾರಣ ನಾನೇ. ನೆರಳಿನಿಂದ ಬಿಸಿಲಿಗೆ ಕಾಲಿಟ್ಟ ಕೂಡ್ಲೇ ನನಗ ಮೂರು ಸೀನು ಬರ್ತಾವ. ಹೊಂಟಾಗ ಯಾರರೆ ಸೀನಿದ್ರ ತಿರುಗಿ ಒಳಗ ಬಂದು, ಕೂತು, ನೀರು ಕುಡದ ಮ್ಯಾಲೇ ಹೋಗಬೇಕು ಅಂತ ಅಜ್ಜಿ ಹಟ. ಇದನ್ನ ನಾ ಇಲ್ಲೀತನಕ ಹೊರಗಿನವರ ಮುಂದ ಹೇಳಿಲ್ಲ.

೧. ಹೋಟಗಿ ಗಾಡಿ

ಅಪ್ಪ ಕ್ಲಾರ್ಕ. ದಿನಾ ರೈಲಿನ್ಯಾಗ ಹೋಟಗಿಗೆ ಹೋಗ್ತಾರ. ಒಂದಿನ ಊಟದ ಡಬ್ಬಿ ಮರತ್ರು ಅಂತ ಹಿಂದ ಓಡಿದೆ, ಅಂಗಳದಾಗ ಸೀನಿದೆ. ಅಜ್ಜಿ ಅವರನ್ನ ಹಿಡದು ಕೂಡಿಸಿದ್ಳು. ಗಾಡಿ ಹೋತು. ತಡ ಯಾಕಂತ ಸಾಹೇಬರು ಕೇಳಿದಾಗ ಅಪ್ಪ ಖರೇನ ಹೇಳಿದ್ರಂತ. ಸಾಹೇಬರು, "ನೀರರೆ ಕುಡದ್ರಿಲ್ಲೋ?" ಅಂದ್ರಂತ.

೨. ಆಫ್ರಿಕಾದಾಕಿ

ವಾಚನಾಲಯದಾಗ ಒಂದು ಮರಾಠಿ ಮಾಸಿಕ ಓದಿದೆ. ಅವ್ವ, ಅವ್ವನ ಅವ್ವ, ಆಕಿ ಅವ್ವ ಅಂತ ಹಿಂದ ಹೋಕ್ಕೋತ ಹ್ವಾದ್ರ, ಲೋಕದ ಮಂದೀಯೆಲ್ಲಾ ಆಫ್ರಿಕಾದ ಒಬ್ಬಾಕಿ ಹತ್ರ ಮುಟ್ತೀವಂತ. ಆಕಿ ಗುರುತು ಇನ್ನೂ ನಮ್ಮ ಮೈಯಾಗ ಅದ, ಅದು ಅವ್ವನಿಂದ ಅಷ್ಟೇ ಬರ್ತದಂತ. ಅಜ್ಜಿಗೆ ಹೇಳಿದೆ.

"ಏ ಹೋಗ, ನಾವು ಹನ್ನೂರದವರು," ಅಂದ್ಳು. ಆಮ್ಯಾಲ ಸ್ವಲ್ಪ ವಿಚಾರ ಮಾಡಿ, "ಆಕಿ ತವರಮನಿ ಯಾವೂರಂತ?"

ಮಾಸಿಕದಾಗ ಅದನ್ನ ಬರದಿಲ್ಲ ಅಂದೆ.

"ನೋಡು, ಊರು-ಮನಿ ಕೇಳಿ ಚೌಕಶಿ ಮಾಡಲಾರದೆ ಹೆಣ್ಣು ತಂದಾರ."

ನನಗ ಆಫ್ರಿಕಾತನಕ ಹೋಗೂದು ಬೇಕಿರಲಿಲ್ಲ. ಒಂದೇ ಮೆಟ್ಟಲ ಹಿಂದ ಹ್ವಾದ್ರ ಸಾಕಿತ್ತು. ನಾ ವರ್ಷದ ಕೂಸಿದ್ದಾಗ ಅವ್ವ ತೀರಿಕೊಂಡ್ಳು. ಮನ್ಯಾಗ ಆಕಿದು ಒಂದೇ ಫೋಟೋ, ಅದ್ರಾಗೂ ಕಣ್ಣು ಮುಚ್ಯಾಳ. ನನ್ನ ಮಾರಿ ಅಪ್ಪಂದು, ಕೂದಲ ಅತ್ಯಾಂದು, ಹಟ ಅಜ್ಜಿದು ಅಂತಾರ ಎಲ್ಲಾರೂ. ಬಿಸಿಲಿಗೆ ಸೀನೂದೂ ವಂಶದಾಗಿಂದ ಬರ್ತದ ಅಂತ ಅದೇ ಮಾಸಿಕದಾಗ ಇತ್ತು. ಸೀನು ಮಾತ್ರ ಯಾರೂ ತಮ್ಮದು ಅನ್ನಲಿಲ್ಲ.

೩. ಅಕ್ಕಲಕೋಟದ ಅಂಗಳ

ಅವ್ವ ಹ್ವಾದ ಮ್ಯಾಲ ಅಕ್ಕಲಕೋಟಕ್ಕ, ಆಕಿ ತವರಿಗೆ, ನಾವು ಹೋಗಿದ್ದಿಲ್ಲ. ಈ ದೀಪಾವಳಿ ಸೂಟಿಯಾಗ ಅಪ್ಪ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಒಂದು ತಾಸಿನ ಮಟ್ಟಿಗೆ ಬರ್ತೀವಿ ಅಂದ್ರು. ಅವ್ವನ ಅವ್ವ, ನಮ್ಮ ಆಯಿ, ನನ್ನ ಮಾರೀನ ನೋಡಕೋತ ಕೂತಿದ್ಳು. ಈ ಸೀನು ಅವ್ವಂದೇನು ಅಂತ ಕೇಳಬೇಕಂತ ಹೋಗಿದ್ದೆ, ಕೊಟ್ಟ ಉಂಡಿ ತಿನ್ಕೋತ ಕೂತೆ. ತಾಸು ಮುಗೀತು, ಅಪ್ಪ ಚೀಲ ಎತ್ತಿದ್ರು.

ಅಂಗಳಕ್ಕ ಬಂದೆ. ಮೂರು ಸೀನಿದೆ. ಕಳಸಾಕ ಬಂದ ಆಯಿ ಮೂರು ಸೀನಿದ್ಳು. ಆಕಿ ಹಿಂದ ಬಂದ ಮಾಮಾನೂ ಮೂರು. ಬಾಜೂ ಮನಿಯವರು ಯಾರೂ ತಿರುಗಿ ನೋಡಲಿಲ್ಲ.

ಆಯಿ ಸೆರಗಿಲೆ ಮೂಗು ಒರಸಿಕೊಂಡು ಹೇಳಿದ್ಳು: "ನಿಮ್ಮವ್ವನ ಇಲ್ಲೇ ಬಿಸಿಲಾಗ ನಿಂದ್ರಿಸಿ ನಾಕು ಫೋಟೋ ತಗಸಿದ್ವಿ. ನಾಕರಾಗೂ ಸೀನ್ಯಾಳ. ಅದ್ರಾಗ ಚಲೋ ಬಂದದ್ದು ನಿಮಗ ಕೊಟ್ಟೀವಿ."

ಅಪ್ಪ ಒಳಗ ಹೋಗಿ ಚೀಲ ಇಳಿಸಿ, ಕೂತು ನೀರು ಬೇಡಿದ್ರು. ಕುಡದು ಮತ್ತ ಹೊಂಟ್ವಿ. ಹೊರಗ ಬಿಸಿಲು ಹಂಗೇ ಇತ್ತು.

ಹೊತ್ತು ಮುಣಗೂತನಕ ಐದು ಸಲ ನೀರು ಕುಡದ್ವಿ.